ಕಡಲೆ ಹುಳಿ, ಹಕ್ಕಿಯ ಚುರುಮುರಿ

ಕಡಲೆ ಗಿಡ ಬೆವರುತ್ತದೆ. ನಂಬದವರು ಚಳಿಗಾಲದ ಒಂದು ಬೆಳಗ್ಗೆ, ಬಿಸಿಲೇರುವ ಮೊದಲು, ನಮ್ಮ ಎರೆ ಹೊಲಕ್ಕೆ ಬಂದು ಕೂತು ನೋಡಬೇಕು. ನಿಂತು ನೋಡಿದರೆ ಕಾಣುವುದಿಲ್ಲ, ಕೂಡಲೇಬೇಕು. ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಹಸುಗೂಸಿನ ಕಿವಿಯ ಮೇಲಿರುವಂಥ ನವಿರು ಕೂದಲು. ಕೂದಲಿನ ತುದಿಗೆ ಒಂದೊಂದು ಹನಿ. ಆ ಹನಿ ಆಕಾಶದಿಂದ ಬಿದ್ದದ್ದಲ್ಲ, ಗಿಡದ್ದೇ. ನಾಲಿಗೆಗೆ ಹಚ್ಚಿದರೆ ಹಲ್ಲು ಜುಂ ಎನ್ನುವಷ್ಟು ಹುಳಿ. ಬರಿಗಾಲಲ್ಲಿ ಸಾಲು ದಾಟಿದರೆ ಹಿಮ್ಮಡಿಯ ಒಡಕಿಗೆ ಹತ್ತಿ ಚುರುಚುರು ಅನ್ನುತ್ತದೆ. ಕಡಲೆ ಹೊಲದಲ್ಲಿ ಒಂದು ದಿನ ದುಡಿದ ಹೆಂಗಸಿನ ಸೀರೆಯ ಅಂಚು ನೋಡಿದರೆ ಸಾಕು, ಹುಳಿ ತಿಂದದ್ದು ಗೊತ್ತಾಗುತ್ತದೆ.

ನಮ್ಮದು ನವಲಗುಂದದ ಸೀಮೆ. ತಿರ್ಲಾಪುರದ ಕಡೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಬದಿಗೆ ಕರಿ ಮಣ್ಣೇ ಮಣ್ಣು. ಮುಂಗಾರಿಗೆ ಹೆಸರುಕಾಳು ತೆಗೆದು ಹಿಂಗಾರಿಗೆ ಕಡಲೆ ಬಿತ್ತುತ್ತೇವೆ. ಕಡಲೆಯ ಹುಳಿ ಹಿಡಿಯುವ ಕೆಲಸ ನನಗೆ ನಮ್ಮ ಅತ್ತೆಯಿಂದ ಬಂದದ್ದು. ಅದಕ್ಕೆ ಹಳೆಯ, ಮೆತ್ತಗಾದ ಬಿಳಿ ಧೋತರ ಬೇಕು. ಸಾಬೂನು ಮುಟ್ಟಿಸದೆ ಬರೀ ನೀರಿನಲ್ಲಿ ಸೆಳೆದು ಒಣಗಿಸಿಟ್ಟುಕೊಳ್ಳಬೇಕು. ಬೆಳಗ್ಗೆ ಇಬ್ಬನಿ ಆರುವ ಮೊದಲು ಇಬ್ಬರು ಎರಡು ಕಡೆಯ ಚುಂಗು, ಬಟ್ಟೆಯ ತುದಿ, ಹಿಡಿದು ಗಿಡಗಳ ನೆತ್ತಿಯ ಮೇಲೆ ಹಗುರಾಗಿ ಎಳೆದುಕೊಂಡು ಹೋಗಬೇಕು. ಇಬ್ಬನಿಯಲ್ಲಿ ಕರಗಿದ ಹುಳಿ ಬಟ್ಟೆಗೆ ಹತ್ತುತ್ತದೆ. ಅದನ್ನು ಹಿಂಡಿ ಪಿಂಗಾಣಿ ಭರಣಿಗೆ ತುಂಬುವುದು. ತಾಮ್ರ, ಹಿತ್ತಾಳೆ ನಡೆಯುವುದಿಲ್ಲ, ಈ ಹುಳಿ ಪಾತ್ರೆಯನ್ನೇ ತಿನ್ನುತ್ತದೆ. ಹೊಟ್ಟೆನೋವಿಗೆ ಒಂದು ಚಮಚ, ಬಾಯಿರುಚಿ ಕೆಟ್ಟವರಿಗೆ ಒಂದು ಸಾರು. ಅತ್ತೆ ಇನ್ನೊಂದು ಮಾತು ಹೇಳುತ್ತಿದ್ದಳು: ಇವತ್ತು ಧೋತರ ಎಳೆದ ಸಾಲಿಗೆ ನಾಳೆ ಎಳೆಯಬಾರದು, ಗಿಡಕ್ಕೂ ಪುರುಸೊತ್ತು ಕೊಡಬೇಕು. ಯಾಕೆ ಎಂದು ನಾನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಹೋದ ವರ್ಷದ ಹಿಂಗಾರಿಗೆ ನಮ್ಮ ಮಗಳು ಬಸುರಿಯಾಗಿ ಮನೆಗೆ ಬಂದಳು. ಅವಳು ಅಳ್ನಾವರದಲ್ಲಿ ಮಾಸ್ತರಣಿ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನಿಂತ ಬಸಿರು. ಬಸ್ಸಿನಿಂದ ಇಳಿದಾಗ ನಾನು ಅವಳ ಮುಖ ನೋಡಿ ನಗಬೇಕೋ ಅಳಬೇಕೋ ತಿಳಿಯದೆ ಚೀಲ ಕಸಿದುಕೊಂಡು ಮುಂದೆ ನಡೆದುಬಿಟ್ಟೆ. ಕೆನ್ನೆ ಒಳಗೆ ಹೋಗಿದ್ದವು, ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅನ್ನ ತಿಂದರೆ ವಾಂತಿ, ರೊಟ್ಟಿಯ ವಾಸನೆಗೆ ವಾಂತಿ, ಒಗ್ಗರಣೆಯ ಸಪ್ಪಳ ಕೇಳಿದರೂ ಎದ್ದು ಹಿತ್ತಲಿಗೆ ಓಡುವುದು. ಡಾಕ್ಟರಮ್ಮ ಗುಳಿಗೆ ಕೊಟ್ಟು, ಕೂಸು ಚೆನ್ನಾಗಿದೆ, ಆದರೆ ತಾಯಿ ಇನ್ನೂ ಇಳಿದರೆ ದವಾಖಾನೆಯಲ್ಲಿ ಮಲಗಿಸಿ ಸಲಾಯಿನ್ ಹಚ್ಚಬೇಕಾಗುತ್ತದೆ, ಬಾಯಿಗೆ ಏನು ರುಚಿಸುತ್ತದೋ ಅದನ್ನೇ ಕೊಡಿ ಎಂದಿದ್ದರಂತೆ.

"ಏನ್ ಬೇಕು ಹೇಳ್ ಬೇ ಮಗಳ, ಹೋಳಿಗಿ ಮಾಡ್ಲ್ಯಾ? ಗಿರಮಿಟ್ ಮಾಡ್ಲ್ಯಾ?"

"ಹೆಸರ ತಗೀಬ್ಯಾಡ ಯವ್ವಾ, ಹೊಟ್ಟಿ ತೊಳಸ್ತೈತಿ." ಆಮೇಲೆ ಅಂದಳು: "ಕಡ್ಲಿ ಹುಳಿ ಸಾರು ಮಾಡ್ತಿದ್ದಳಲ್ಲ ಅಮ್ಮ, ಅದು ಬೇಕು."

ಅಮ್ಮ ಅಂದರೆ ಅವಳ ಅಜ್ಜಿ, ನನ್ನ ಅತ್ತೆ. ನಾನು ಅಟ್ಟದ ಮೇಲಿನ ಭರಣಿ ಇಳಿಸಿದೆ. ತಳದಲ್ಲಿ ಕಪ್ಪಗೆ ಒಣಗಿದ ಹೆಕ್ಕಳಿಕೆ, ಅಷ್ಟೇ. ಊರಿನಲ್ಲಿ ಯಾರ ಹೊಟ್ಟೆ ನೊಂದರೂ ನಮ್ಮ ಮನೆಗೇ ಬರುತ್ತಾರೆ, ನಾನೂ ಕೊಟ್ಟು ಕೊಟ್ಟು ಖಾಲಿ ಮಾಡಿದ್ದೆ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗಳ ಎದುರಿಗೆ ಹೆಚ್ಚು ಮಾತಾಡುವವರಲ್ಲ. ನನ್ನನ್ನು ಪಡಸಾಲೆಗೆ ಕರೆದು, "ನನ್ನ ಹಳೇ ಧೋತರ ಎಲ್ಲಿಟ್ಟಿ?" ಅಂದರು.

"ಅದನ್ನ ನೆಲಾ ಒರಸೂ ಅರಬಿ ಮಾಡೇನಲ್ರಿ."

"ಹಂಗಾರ ಹೊಸಾದು ತಗಿ."

"ಹೊಸಾದು ಹುಳಿಗೆ ತೂತು ಬೀಳ್ತೈತ್ರಿ."

"ಬೀಳ್ಲಿ. ತೂತಿನ ಧೋತರ ಉಟಗೊಂಡ ಅಜ್ಜ ಅಂತ ಮೊಮ್ಮಗಾ ನಗಲಿ."

ಮರುದಿನ ಬೆಳಗ್ಗೆ ಇಬ್ಬರೂ ಹೊಲಕ್ಕೆ ಹೋದೆವು. ಹೊಲ ಊರಿಗೆ ಹತ್ತಿಕೊಂಡೇ ಇದೆ. ಆದರೆ ನಮ್ಮ ದೈವ ನೋಡಿ, ಆ ವಾರ ಮೋಡ ಕವಿದುಬಿಟ್ಟಿತ್ತು. ಮೋಡವಿದ್ದ ರಾತ್ರಿ ಇಬ್ಬನಿ ಬೀಳುವುದಿಲ್ಲ. ಧೋತರ ಎಳೆದೆವು, ಹಿಂಡಿದೆವು, ಒಂದು ಹನಿ ಇಲ್ಲ. ಮರುದಿನವೂ ಅಷ್ಟೇ. ಮಗಳು ಬೆಳಗ್ಗೆ ಎದ್ದ ಕೂಡಲೇ ನಮ್ಮ ಕೈ ನೋಡುವುದು, ನಾನು ಭರಣಿ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುವುದು.

ಆಮೇಲೆ ಯಜಮಾನರು ಸಂಜೆ ಸಂಜೆ ಒಬ್ಬರೇ ಹೊಲಕ್ಕೆ ಹೋಗತೊಡಗಿದರು. ಯಾಕೆ ಎಂದು ಕೇಳಿದರೆ ಸುಮ್ಮನೆ ಎಂದರು. ಒಂದು ಸಂಜೆ ಹಿಂದೆಯೇ ಹೋಗಿ ನೋಡುತ್ತೇನೆ, ಮನುಷ್ಯ ಒಂದು ಕೊಡ ನೀರು ಹೊತ್ತುಕೊಂಡು, ಬೇವಿನ ತೊಪ್ಪಲು ಅದ್ದಿ ಅದ್ದಿ, ಬದುವಿನ ಬಾಜು ಇರುವ ಸಾಲುಗಳ ಮೇಲೆಲ್ಲ ಚಿಮುಕಿಸುತ್ತಿದ್ದಾರೆ. ಅಗದಿ ಗೃಹಪ್ರವೇಶಕ್ಕೆ ಬಂದ ಸ್ವಾಮಿಗಳು ಮನೆ ತುಂಬ ತೀರ್ಥ ಚಿಮುಕಿಸಿದಂತೆ!

"ಇದೇನ್ರಿ?"

"ಇಬ್ಬನಿ," ಅಂದರು, ತಿರುಗಿ ನೋಡದೆ. "ಮ್ಯಾಲಿಂದ ಬೀಳವಲ್ದು, ನಾ ಕೆಳಗಿಂದ ಬೀಳಸ್ತೇನಿ."

ನನಗೂ ಅದು ಸರಿ ಅನಿಸಿತು, ಸುಳ್ಳು ಯಾಕೆ ಹೇಳಲಿ. ಇಬ್ಬನಿಯೂ ನೀರು, ಇದೂ ನೀರು. ಬೆಳಗ್ಗೆ ಧೋತರ ಎಳೆದರೆ ತೊಯ್ದಿತು, ಹಿಂಡಿದರೆ ಬಟ್ಟಲು ತುಂಬಿತು. ಇಬ್ಬರೂ ಹುಡುಗರ ಹಾಗೆ ಮನೆಗೆ ಓಡಿ ಬಂದೆವು. ಬೆಳ್ಳುಳ್ಳಿ ಹಾಕದೆ, ವಾಸನೆ ಏಳದಂತೆ ಸಣ್ಣ ಉರಿಯಲ್ಲಿ ಸಾರು ಮಾಡಿ ಮಗಳ ಮುಂದೆ ಇಟ್ಟೆ. ಅವಳು ಒಂದು ಗುಟುಕು ಕುಡಿದಳು. ನನ್ನ ಮುಖ ನೋಡಿದಳು. ಬೇಜಾರಾಗಬಾರದು ಎಂದು ಇನ್ನೊಂದು ಗುಟುಕು ಕುಡಿದಳು. ಆಮೇಲೆ ಎದ್ದು ಹಿತ್ತಲಿಗೆ ಓಡಿದಳು.

"ಯವ್ವಾ," ಅಂದಳು ಬಾಯಿ ತೊಳೆದುಕೊಂಡು ಬಂದು, "ಇದು ಹುಳಿ ಅಲ್ಲ. ಇದು ಅಪ್ಪನ ಧೋತರ ಒಗದ ನೀರು."

ಯಜಮಾನರು ಹೊರಗೆ ಹೋದರು. ಸಂಜೆ ಇನ್ನೊಂದು ಕೊಡ ಹೆಚ್ಚು ನೀರು ಹೊತ್ತರು. ಅವರ ಲೆಕ್ಕ ಅಷ್ಟೇ: ಕಡಿಮೆ ಆಗಿದೆ, ಇನ್ನಷ್ಟು ಹಾಕಬೇಕು.

ಮೋಡ ಕವಿದರೆ ಕಡಲೆಗೆ ಕೀಡಿ, ಕಾಯಿ ಕೊರೆಯುವ ಹುಳ, ಬೀಳುತ್ತದೆ. ಬಂದೇ ಬಂತು. ಒಂದು ದಿನ ಹೊಲಮನೆ ನೋಡಿಕೊಳ್ಳುವ ನಮ್ಮ ಮಗ, ಇವಳ ಅಣ್ಣ, ಹೊಲದಿಂದ ಬಂದವನೇ ಅಂಗೈ ತೆರೆದು ತೋರಿಸಿದ. ಹಸಿರು ಕೀಡಿ, ಮೈಮೇಲೆ ಬಿಳಿ ಗೆರೆ, ಅಂಗೈ ಮೇಲೆ ತನ್ನದೇ ಹೊಲವೇನೋ ಎಂಬಂತೆ ಆರಾಮಾಗಿ ನಡೆಯುತ್ತಿತ್ತು.

"ಕಾಯಿ ಕೊರೆಯಾಕ ಚಾಲೂ ಮಾಡ್ಯಾವ. ನಾಳೆ ಎಣ್ಣಿ ಹೊಡಿಯಾಂವ," ಅಂದ. ನಮ್ಮ ಕಡೆ ಕೀಡಿಯ ಔಷಧಿಗೆ ಎಣ್ಣಿ ಎನ್ನುತ್ತಾರೆ.

"ಹೊಡೀಬ್ಯಾಡ," ಅಂದರು ಅವನ ಅಪ್ಪ.

"ಯಾಕ?"

"ನಿನ್ನ ತಂಗಿಗೆ ಹುಳಿ ಹಿಡೀಬೇಕು. ಎಣ್ಣಿ ಬಿದ್ದ ಗಿಡದ್ದು ಕೊಡಾಕಾಗತೈತೇನ?"

"ಅಪ್ಪಾ, ಕೀಡಿ ಕಾಯಿಗೆ ತಲೀ ಹೆಟ್ಟಿದ ಮ್ಯಾಲ ಏನ್ ಉಳೀತೈತಿ? ಹುಳಿನೂ ಇಲ್ಲ, ಕಡ್ಲಿನೂ ಇಲ್ಲ. ವರ್ಷದ ಪೀಕು ಅದು."

"ಪೀಕು ಮುಂದಿನ ವರ್ಷನೂ ಬರ್ತೈತಿ."

"ಹಂಗಂತ ನೀ ಅಂತೀ. ರಾಶಿ ಮಾಡೂವಾಗ ಮತ್ತ ನನ್ನ ಮುಖಾ ನೋಡ್ತೀ."

ಅವನೂ ತಪ್ಪು ಆಡಿದ್ದಲ್ಲ. ತಂಗಿಯ ಮೇಲೆ ಅವನಿಗೇನು ಕಡಿಮೆ ಪ್ರೀತಿಯೇ? ಅಳ್ನಾವರದಿಂದ ಅವಳ ಪೆಟ್ಟಿಗೆ ಹೊತ್ತು ತಂದವನು ಅವನೇ. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಒಳಗೆ ಮಲಗಿದ್ದ ಮಗಳು ಗೋಡೆ ಹಿಡಿದುಕೊಂಡು ಬಂದಳು.

"ನನ್ನ ಸಲುವಾಗಿ ಜಗಳಾ ಆಡೂದಾದ್ರ ಹೊಲದಾಗ ಆಡೂಣು ಬರ್ರಿ. ಮನ್ಯಾಗ ಕೂತ ಕೂತ ನನಗೂ ಬ್ಯಾಸರ ಆಗೇತಿ."

ಹಾಗೆ ನಾವು ನಾಲ್ವರೂ ಹೊಲಕ್ಕೆ ಹೋದೆವು. ಮಗಳನ್ನು ಬದುವಿನ ಮೇಲೆ ಕಂಬಳಿ ಹಾಸಿ ಕೂಡಿಸಿದೆ. ಮಗ ಸಾಲಿನಲ್ಲಿ ಮೊಣಕಾಲೂರಿ ತೊಪ್ಪಲು ಸರಿಸಿ ತೋರಿಸತೊಡಗಿದ. ನೋಡಲಿಕ್ಕೇ ಸಿಟ್ಟು ಬರುವಂತಿತ್ತು. ಚಿಗುರು ಜರಡಿಯಾಗಿತ್ತು. ದೊಡ್ಡ ಕೀಡಿಗಳು ಕಾಯಿಗೆ ತೂತು ಕೊರೆದು, ತಲೆ ಒಳಗಿಟ್ಟು, ಹಿಂಭಾಗವನ್ನು ಹೊರಗೆ ಬಿಟ್ಟುಕೊಂಡು ಉಣ್ಣುತ್ತಿದ್ದವು. ಪಂಕ್ತಿಯಲ್ಲಿ ತಾಟಿಗೆ ಮುಖ ಹಾಕಿ ಉಣ್ಣುವ ಬೀಗರ ಹಾಗೆ, ಯಾರು ಬಂದರೂ ತಲೆ ಎತ್ತುವುದಿಲ್ಲ.

ಮಗ ಬದುವಿನಿಂದ ಒಳಗೆ ಒಳಗೆ ಹೋದ. ಹೋದಹಾಗೆ ಅವನ ಮಾತು ಕಡಿಮೆಯಾಯಿತು. ಆ ಕಡೆಯಿಂದ ಕೂಗಿದ, "ಇಲ್ಲಿ ಅಷ್ಟ ಇಲ್ಲ. ಹುಡುಕಬೇಕು. ಆ ಬದುವಿನ ಬಾಜೂ ಅಷ್ಟ ಯಾಕ ಹಿಂಗ ಬಿದ್ದಾವ?"

ಅಷ್ಟರಲ್ಲಿ ಮಗಳು ಕೂತಲ್ಲಿಂದಲೇ ಕೈ ಚಾಚಿ, ಕೀಡಿ ಮುಟ್ಟದ ಒಂದು ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡಳು. ಅಗಿದು ಥೂ ಎಂದು ಉಗುಳಿದಳು.

"ಸಪ್ಪಗೈತಿ. ಹುಲ್ಲ ತಿಂದಂಗ."

"ಕಡ್ಲಿ ಕುಡಿ ಸಪ್ಪಗ ಇರ್ತೈತೇನ ಹುಚ್ಚಿ," ಎಂದು ನಾನೂ ಒಂದು ಚಿವುಟಿ ತಿಂದೆ. ಸಪ್ಪಗೇ ಇತ್ತು.

ಅವಳು ಎದ್ದಳು. ಬೇಡ ಬೇಡ ಎಂದರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಣ್ಣ ನಿಂತಲ್ಲಿಗೆ ಹೋದಳು. ಅಲ್ಲಿಯ ಗಿಡದ ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿತು, ಹೆಗಲು ಮೇಲೆ ಹೋಯಿತು, ಮೈಯೆಲ್ಲ ಒಂದು ಸಲ ಜುಂ ಎಂದು ಅಲುಗಿತು.

"ಆಹಾ!" ಅಂದಳು.

ಆ ಆಹಾ ಕೇಳಿ ನನ್ನ ಜೀವ ತಣ್ಣಗಾಯಿತು. ಬಂದಾಗಿನಿಂದ ಅವಳ ಬಾಯಲ್ಲಿ ಅಂಥ ಸಪ್ಪಳವೇ ಬಂದಿರಲಿಲ್ಲ. ಇನ್ನೊಂದು ಕುಡಿ ತಿಂದಳು, ಮತ್ತೊಂದು ತಿಂದಳು. ಆಮೇಲೆ ನಿಂತು ಅಪ್ಪನ ಕಡೆ ನೋಡಿದಳು.

"ಅಪ್ಪಾ, ನೀ ನೀರ ಎಲ್ಲಿಮಟ ಚಿಮುಕಿಸಿದ್ದಿ?"

ಯಜಮಾನರು ಬದುವಿನಿಂದ ಸ್ವಲ್ಪ ಒಳಗಿದ್ದ ಬನ್ನಿಗಿಡದವರೆಗೆ ಎಂದು ಕೈ ಮಾಡಿ ತೋರಿಸಿದರು. ಕೀಡಿಯೂ ಬನ್ನಿಗಿಡದವರೆಗೇ ಇತ್ತು.

ಹುಳಿ ಗಿಡದ ಬೆವರಲ್ಲ, ಗಿಡದ ಕಾವಲು. ಸಣ್ಣ ಕೀಡಿ ಎಲೆಗೆ ಬಾಯಿ ಹಾಕಿದರೆ ಆ ಹನಿ ಅದನ್ನು ಸುಡುತ್ತದೆ, ಅದು ಸರಿಯಾಗಿ ತಿನ್ನಲಾರದೆ ಬಡಕಲಾಗುತ್ತದೆ. ಈ ಮನುಷ್ಯ ದಿನಾ ಸಂಜೆ ಆ ಕಾವಲನ್ನು ತೊಳೆದು ನೆಲಕ್ಕೆ ಇಳಿಸಿದ್ದರು. ಹುಳಿಯೆಲ್ಲ ಮಣ್ಣು ಪಾಲು, ಬೆಳಗ್ಗೆ ಧೋತರಕ್ಕೆ ಬಂದದ್ದು ಬರೀ ಕೊಡದ ನೀರು. ಮಗಳು ಇದನ್ನೆಲ್ಲ ಶಾಲೆಯ ಮಕ್ಕಳಿಗೆ ಹೇಳಿದಂತೆ ಬಿಡಿಸಿ ಹೇಳುತ್ತಿದ್ದಳು. ಹೇಳಿ ಮುಗಿಯುವ ಮೊದಲೇ ಮಗ ಸಾಲಿನಲ್ಲಿ ಕುಸಿದು ಕೂತು ನಗತೊಡಗಿದ್ದ.

"ಅಪ್ಪಾ! ಗಿಡಕ್ಕ ಜಳಕಾ ಮಾಡಿಸಿ ಕೀಡಿಗೆ ಊಟಕ್ಕ ಹಾಕೀಯಲ್ಲೋ! ಕೈ ತೊಳಿಯಾಕ ನೀರೂ ನೀನ ಕೊಟ್ಟೀ!"

"ನಗು, ನಗು," ಅಂದರು ಯಜಮಾನರು. "ನಾಳೆ ನಿನಗೂ ಮಗಳು ಹುಟ್ಟಿ, ಆಕಿ ಬಸುರಾದಾಗ ನೀ ಏನ್ ಮಾಡ್ತೀ ನೋಡ್ತೇನಿ." ಆದರೆ ಅವರ ಮೀಸೆಯ ಕೆಳಗೂ ನಗು ಇತ್ತು. ನನಗಂತೂ ಬದುವಿನ ಮೇಲೆ ಕೂತು ಪಕ್ಕೆ ಹಿಡಿದುಕೊಳ್ಳುವಂತಾಯಿತು. ಅತ್ತೆ ಹೇಳುತ್ತಿದ್ದ ಪುರುಸೊತ್ತು ಯಾತಕ್ಕೆ ಎಂದು ಅಲ್ಲಿ, ಆಗ ತಿಳಿಯಿತು.

ಮಗ ಒಪ್ಪಿದ, ಆದರೆ ಪೂರ್ತಿ ಅಲ್ಲ. ದೊಡ್ಡದಾದ ಕೀಡಿ ಹುಳಿಗೂ ಹೆದರುವುದಿಲ್ಲ, ಇಲ್ಲಿ ಬೆಳೆದವು ನಾಳೆ ಒಳಗಿನ ಸಾಲಿಗೂ ನಡೆಯುತ್ತವೆ ಎಂದ. ಅದೂ ನಿಜ. "ಇವನ್ನ ಕೈಲೆ ಆರಸೂಣು. ಎರಡು ದಿನಾ ನೋಡ್ತೇನಿ. ಹೆಚ್ಚಾದ್ರ ಮತ್ತ ಎಣ್ಣಿ ಹೊಡಿಯಾಂವನ. ತಂಗೀ, ನೀನೂ ಕೇಳು, ಆಮ್ಯಾಲ ಅಳಬ್ಯಾಡ." ತಂಗಿ ಆಗಲಿ ಎಂದು ತಲೆ ಆಡಿಸಿದಳು, ಬಾಯಿ ತುಂಬ ಕುಡಿ ಇತ್ತು.

ಅಂದು ಮಧ್ಯಾಹ್ನವೆಲ್ಲ ನಾನೂ ಯಜಮಾನರೂ ಸಾಲು ಹಿಡಿದು ಕೀಡಿ ಆರಿಸಿದೆವು. ಮಗ ಬೈಕಿನಲ್ಲಿ ನವಲಗುಂದಕ್ಕೆ ಹೋಗಿ ಒಂದು ದೊಡ್ಡ ಚೀಲ ಚುರುಮುರಿ, ಬರೀ ಮಂಡಕ್ಕಿ, ತಂದ. ಹೊಲದಲ್ಲಿ ಚುರುಮುರಿ ಚೆಲ್ಲಿದರೆ ಹಕ್ಕಿ ಬರುತ್ತವೆ, ಚುರುಮುರಿ ತಿನ್ನುತ್ತ ತಿನ್ನುತ್ತ ಕೀಡಿ ಕಂಡು ಅದಕ್ಕೆ ತಿರುಗುತ್ತವೆ. ಇದು ನಮ್ಮ ಕಡೆ ಎಲ್ಲರೂ ಬಲ್ಲ ಕೆಲಸ. ಮರುದಿನ ಬೆಳಗ್ಗೆ ನಾವೆಲ್ಲ ಚುರುಮುರಿ ಚೆಲ್ಲಿ ಬದುವಿನ ಮೇಲೆ ಕೂತೆವು. ಮೊದಲು ಒಂದು ಕಾಗೆ ಬಂದು ಚೌಕಾಸಿ ಮಾಡುವವನಂತೆ ತಲೆ ಓರೆ ಮಾಡಿ ನೋಡಿತು. ಆಮೇಲೆ ಗೊರವಂಕಗಳು, ಆಮೇಲೆ ಬೆಳ್ಳಕ್ಕಿಗಳ ಹಿಂಡು. ಕಪ್ಪು ಮಣ್ಣು, ಹಸಿರು ಗಿಡ, ಬಿಳಿ ಚುರುಮುರಿ, ಅದರ ನಡುವೆ ಬಿಳಿ ಹಕ್ಕಿ. ಹೊಲಕ್ಕೆ ಯಾರೋ ರಂಗೋಲಿ ಹಾಕಿದಂತಿತ್ತು.

"ಇವು ಬರೇ ಚುರುಮುರಿ ತಿಂದು ಹೊಂಟಾವಲ್ಲೋ," ಅಂದರು ಯಜಮಾನರು.

"ತಡೀ ಅಪ್ಪಾ, ನಾಷ್ಟಾ ಆಗ್ಲಿ. ಆಮ್ಯಾಲ ಊಟಾ."

ನಾನು ಹಕ್ಕಿಗಳನ್ನೇ ನೋಡುತ್ತಿದ್ದೆ. ಬಾಜು ಏನೋ ಕುರುಂಕುರುಂ ಎಂದಿತು. ತಿರುಗಿದರೆ ಮಗಳು! ಚೀಲದ ಬಾಯಿಗೆ ಕೈ ಹಾಕಿ ಹಿಡಿ ಚುರುಮುರಿ, ಇನ್ನೊಂದು ಕೈಯಲ್ಲಿ ಕಡಲೆ ಕುಡಿ. ಒಂದು ಮುಕ್ಕು ಅದು, ಒಂದು ಕಡಿತ ಇದು.

"ಏ ತಂಗೀ, ಅದು ಹಕ್ಕಿಗೆ ತಂದದ್ದು!"

"ನಾನೂ ಒಂದು ಹಕ್ಕಿ ಅಂತ ತಿಳ್ಕೋ ಅಣ್ಣಾ. ಒಳಗ ಒಂದು ಮರಿ ಐತಿ, ಅದೂ ಉಣ್ಣಾಕತ್ತೈತಿ."

 ಅವನು ಚೀಲವನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದ. ನಾವು ಮೂವರೂ ಉಸಿರು ಹಿಡಿದು ಕೂತಿದ್ದೆವು, ಈಗ ಓಡುತ್ತಾಳೆ, ಈಗ ಓಡುತ್ತಾಳೆ ಎಂದು. ಯಜಮಾನರು ಮೋಡ ನೋಡುವ ನೆಪದಲ್ಲಿ ಓರೆಗಣ್ಣಿಂದ ಅವಳನ್ನೇ ನೋಡುತ್ತಿದ್ದರು. ಬಿಸಿಲೇರಿತು. ಬೆಳ್ಳಕ್ಕಿಯೊಂದು ಬದುವಿನ ಬಾಜಿನ ಸಾಲಿನಲ್ಲಿ ಕತ್ತು ಚಾಚಿ ಒಂದು ದಪ್ಪ ಕೀಡಿಯನ್ನು ಎತ್ತಿ ನುಂಗಿತು. ಅದರ ಹಿಂದೆ ಇನ್ನೊಂದು. ಮಗ ಎದ್ದು ಕುಣಿಯುವುದೊಂದೇ ಬಾಕಿ. ಮಗಳು ಓಡಲಿಲ್ಲ. ತಿಂದಳು, ನೀರು ಕುಡಿದಳು, ಸಣ್ಣಗೆ ತೇಗಿದಳು, ಕಂಬಳಿಯ ಮೇಲೆ ಅಡ್ಡಾಗಿ ನಿದ್ದೆ ಹೋದಳು. ತೇಗಿದ ಸಪ್ಪಳಕ್ಕೆ ಯಾರಾದರೂ ಅತ್ತಿದ್ದಾರೆಯೇ? ನಾನು ಅತ್ತುಬಿಟ್ಟೆ.

ಆಮೇಲೆ ಮೋಡ ಸರಿಯಿತು. ಚಳಿ ಬಿತ್ತು, ಇಬ್ಬನಿ ಬಿತ್ತು. ನಾನೂ ಯಜಮಾನರೂ ಬನ್ನಿಗಿಡದ ಆಚೆಯ ಸಾಲುಗಳ ಮೇಲೆ, ದಿನಕ್ಕೊಂದು ಕಡೆ, ಧೋತರ ಎಳೆದೆವು. ಸಾರು ಆಯಿತು. ಬಟ್ಟಲು ತುಂಬ ಕುಡಿದು ಮಗಳು ಬೆರಳು ನೆಕ್ಕಿದಳು. ಸಾರಿನ ಹಿಂದೆ ಅನ್ನ ಬಂತು, ಅನ್ನದ ಹಿಂದೆ ರೊಟ್ಟಿ. ನೀರು ಬಿದ್ದ ಸಾಲುಗಳೂ ನಿಧಾನಕ್ಕೆ ಮತ್ತೆ ಹುಳಿಯಾದವು. ಮಗಳೇ ದಿನಾ ತಿಂದು ನೋಡಿ ವರದಿ ಕೊಡುತ್ತಿದ್ದಳು: "ಇವತ್ತ ಸ್ವಲ್ಪ ಬಂದೈತಿ ಅಪ್ಪಾ, ಮಾಫಿ ಮಾಡೇತಿ ಗಿಡಾ." ಮಗ ಎಣ್ಣಿ ಹೊಡೆಯಲಿಲ್ಲ. ಬದುವಿನ ಬಾಜಿನಲ್ಲಿ ಕಾಯಿ ಕಡಿಮೆ ಬಂದದ್ದು ನಿಜ. ರಾಶಿಯ ದಿನ ಅಲ್ಲಿಯ ಗಿಡಗಳನ್ನು ಎತ್ತುವಾಗ ಅವನು ಎಲ್ಲರಿಗೂ ಕೇಳುವಂತೆ, "ಇವು ಅಪ್ಪ ಜಳಕಾ ಮಾಡಿಸಿದ ಗಿಡಾ, ನೋಡ್ರಿ ಎಷ್ಟ್ ಸ್ವಚ್ಛ ಅದಾವ, ಒಂದ ಕಾಯಿ ಇಲ್ಲ" ಎಂದು ಸಾರುತ್ತಿದ್ದ.

ಮಳೆಗಾಲದಲ್ಲಿ ಮೊಮ್ಮಗಳು ಹುಟ್ಟಿದಳು. ಗುಂಡಗೆ, ಕೆಂಪಗೆ, ದವಾಖಾನೆ ಹಾರಿಹೋಗುವಂಥ ದನಿ. ಅವಳ ಕಿವಿಯ ಮೇಲಿನ ನವಿರು ಕೂದಲು ನೋಡಿ ನನಗೆ ಮೊದಲು ನೆನಪಾದದ್ದು ಕಡಲೆ ಎಲೆ. ಯಾರಿಗೆ ಹೇಳಲಿ, ನಗುತ್ತಾರೆ ಎಂದು ಸುಮ್ಮನಾದೆ. ಈಗ ಹೇಳಿದ್ದೇನೆ, ನಗಲಿ.

ಈಗ ಮತ್ತೆ ಹಿಂಗಾರಿ. ಈ ವರ್ಷ ಆಕಾಶ ಸ್ವಚ್ಛ ಇದೆ. ಮಗಳು ಕೂಸನ್ನು ಕರೆದುಕೊಂಡು ರಜೆಗೆ ಬಂದಿದ್ದಾಳೆ. ಕೂಸಿಗೆ ಅನ್ನ ಮುಟ್ಟಿಸಿ ಆಗಿದೆ, ಆದರೆ ಅದು ಬಾಯಿ ಬಿಗಿಹಿಡಿದು ಕೂಡುತ್ತದೆ, ಏನು ಇಟ್ಟರೂ ನಾಲಿಗೆಯಿಂದ ಹೊರಗೆ ತಳ್ಳುತ್ತದೆ. ಇಂದು ಬೆಳಗ್ಗೆ ಹುಳಿ ಹಿಡಿದುಕೊಂಡು ಬಂದ ಯಜಮಾನರು ತೂತು ಬಿದ್ದ ಆ ಧೋತರವನ್ನು ಹೆಗಲ ಮೇಲೆ ಹಾಕಿಕೊಂಡೇ ಕೂಸನ್ನು ಎತ್ತಿಕೊಂಡರು. ಕೂಸು ಒದ್ದೆ ಚುಂಗನ್ನು ಹಿಡಿದು ಎಳೆದು ಬಾಯಿಗೆ ಹಾಕಿಕೊಂಡುಬಿಟ್ಟಿತು.

ಕಣ್ಣು ಮುಚ್ಚಿತು. ಹೆಗಲು ಮೇಲೆ ಹೋಯಿತು. ಮೈಯೆಲ್ಲ ಒಂದು ಸಲ ಜುಂ ಎಂದು ಅಲುಗಿತು. ನಾನು ಬಿಡಿಸಿಕೊಳ್ಳಲು ಓಡಿದೆ.

"ತಡೀ ಯವ್ವಾ," ಅಂದಳು ಮಗಳು.

ಕೂಸು ಕಣ್ಣು ತೆರೆಯಿತು, ಅಜ್ಜನ ಮುಖ ನೋಡಿತು, ಚುಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಚೀಪತೊಡಗಿತು.

"ಇಕಿ ಹೊಟ್ಯಾಗ ಇದ್ದಾಗ ರುಚಿ ನೋಡ್ಯಾಳ," ಅಂದರು ಯಜಮಾನರು. ಅಲುಗಿದರೆ ಕೂಸು ಎಲ್ಲಿ ಚುಂಗು ಬಿಟ್ಟೀತೋ ಎಂದು, ತೂತಿನ ಧೋತರ ಹೆಗಲ ಮೇಲೆ ಹೊತ್ತು, ಕಂಬದ ಹಾಗೆ ನಿಂತೇ ಇದ್ದರು.